ಗೂಬೆಯನ್ನು ನೋಡಬೇಕೆನ್ನುವವರಿಗೆ

ನಮ್ಮ ಊರಿನ ಅಂಚಿನಲ್ಲಿರುವ ಗುಂಡುತೋಪಿನ ಹಳೆಯ ಹುಣಸೆಮರದ ಪೊಟರೆಯಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಗಳ ಜೋಡಿಯೊಂದು ಸಂಸಾರ ಮಾಡಿಕೊಂಡಿದೆ ಎಂಬುದು ನನಗೆ ತಿಳಿಯುವ ಹೊತ್ತಿಗೆ, ಆ ಮರದ ಕೆಳಗೆ ಬಸ್ಸಿಗಾಗಿ ನಿಲ್ಲತೊಡಗಿ ಏಳು ವರ್ಷವಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಬಸ್ಸು ತಡವಾಯಿತು. ಸುಮ್ಮನೆ ತಲೆ ಎತ್ತಿದಾಗ, ಎಳೆಬಿಸಿಲಿಗೆ ಮೈಯೊಡ್ಡಿ ಕುಳಿತಿದ್ದ ಮುಷ್ಟಿಗಾತ್ರದ ಹಕ್ಕಿಯೊಂದು ಹಳದಿ ಕಣ್ಣುಗಳಿಂದ ನನ್ನನ್ನೇ ನೋಡುತ್ತ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತಿತ್ತು. ಅಂದಿನಿಂದ ನಾನು ನೋಡಿದ ಗೂಬೆಗಳಲ್ಲಿ ಹೆಚ್ಚಿನವು ಅಭಯಾರಣ್ಯಗಳಲ್ಲಿ ಸಿಕ್ಕವಲ್ಲ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕವು. ಹಾಗಾಗಿ ಈ ಮಾರ್ಗದರ್ಶಿಯನ್ನು ದೂರದ ಕಾಡಿಗೆ ಹೋಗಲಾಗದ, ತಮ್ಮ ಊರಿನಲ್ಲಿಯೇ ಗೂಬೆಯನ್ನು ಕಾಣಬೇಕೆನ್ನುವ ಓದುಗರಿಗಾಗಿ ಬರೆಯುತ್ತಿದ್ದೇನೆ.

ಗೂಬೆ ಕಂಡಿತೋ ಇಲ್ಲವೋ ಎಂಬುದರಿಂದ ಈ ಭೇಟಿಯನ್ನು ಅಳೆಯಬಾರದು. ನಾವು ಬಂದು ಹೋದದ್ದರಿಂದ ಆ ಹಕ್ಕಿಯ ಅಂದಿನ ದಿನಚರಿಯಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಭೇಟಿ ಸರಿಯಾಯಿತೆಂದು ತಿಳಿಯಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಈ ಮಾತನ್ನೇ ಅವಲಂಬಿಸಿವೆ.

ಮೊದಲ ಹೆಜ್ಜೆ: ನಿಮ್ಮ ಊರಿನಲ್ಲಿ ಯಾವ ಗೂಬೆಯಿರಬಹುದೆಂದು ಊಹಿಸಿ

ಕರ್ನಾಟಕದಲ್ಲಿ ಅನೇಕ ಜಾತಿಯ ಗೂಬೆಗಳಿವೆ. ಅವೆಲ್ಲವನ್ನೂ ಒಮ್ಮೆಗೇ ಕಲಿಯುವ ಅಗತ್ಯವಿಲ್ಲ. ಬಯಲುಸೀಮೆಯಲ್ಲಾಗಲಿ ಪಟ್ಟಣದಲ್ಲಾಗಲಿ ವಾಸಿಸುವವರು ಹಾಲಕ್ಕಿಯಿಂದ ಆರಂಭಿಸುವುದು ಒಳ್ಳೆಯದು. ಸುಮಾರು 21 ಸೆಂಟಿಮೀಟರ್ ಉದ್ದದ, ಬೂದುಕಂದು ಮೈಮೇಲೆ ಬಿಳಿಯ ಚುಕ್ಕೆಗಳಿರುವ ಈ ಪುಟ್ಟ ಗೂಬೆ ಆಲ, ಹುಣಸೆ, ಬೇವು, ಮಾವಿನ ಪೊಟರೆಗಳಲ್ಲಿಯೂ ಹಳೆಯ ಗೋಡೆಗಳ ಬಿರುಕುಗಳಲ್ಲಿಯೂ ನೆಲೆಸುತ್ತದೆ. ಬುಡುಬುಡಿಕೆಯವರು ನಸುಕಿನಲ್ಲಿ ಬಂದು ಹಾಲಕ್ಕಿ ನುಡಿಯುತ್ತಿದೆ ಎಂದು ಶಕುನ ಹೇಳುತ್ತಿದ್ದುದನ್ನು ಕೇಳಿ ಬೆಳೆದವರಿಗೆ ಈ ಹೆಸರು ಹೊಸದಲ್ಲ. ಒಂದೇ ಬಳಗದ ಹಕ್ಕಿಗಳಲ್ಲಿ ಒಂದರ ನುಡಿಯನ್ನು ಶುಭವೆಂದು ಕೇಳಿ, ಇನ್ನೊಂದರ ದನಿಯನ್ನು ಅಪಶಕುನವೆಂದು ಹೆದರುತ್ತ ಬಂದ ನಮ್ಮ ಮನಸ್ಸಿನ ರೀತಿ ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ.

ಹಳೆಯ ದೇವಸ್ಥಾನದ ಗೋಪುರ, ಪಾಳುಬಿದ್ದ ಮನೆ, ಶಾಲೆಯ ಹೆಂಚಿನ ಮಾಡು, ಉಗ್ರಾಣ ಮುಂತಾದ ಕಡೆಗಳಲ್ಲಿ ಕಣಜಗೂಬೆಯಿರುತ್ತದೆ. ಹೃದಯದಾಕಾರದ ಬಿಳಿಯ ಮುಖ, ಕಪ್ಪು ಕಣ್ಣು ಮತ್ತು ಮಾಸಲು ಹೊಂಬಣ್ಣದ ಬೆನ್ನಿರುವ ಇದನ್ನು ಬೇರೆ ಯಾವುದರೊಂದಿಗೂ ಗೊಂದಲ ಮಾಡಿಕೊಳ್ಳುವಂತಿಲ್ಲ. ರಾಮನಗರ, ಹಂಪಿ, ದರೋಜಿಯಂತಹ ಬಂಡೆಗಳ ಸೀಮೆಯಲ್ಲಿ, ಕೈಬಿಟ್ಟ ಕಲ್ಲಿನ ಕ್ವಾರಿಗಳಲ್ಲಿ ಮತ್ತು ಹಳ್ಳದ ಕೊರಕಲುಗಳಲ್ಲಿ ಕಿತ್ತಳೆ ಕಣ್ಣಿನ, ಕಿವಿಯಂತೆ ಕಾಣುವ ಗರಿಕೊಂಬುಗಳನ್ನು ಹೊತ್ತ ದೊಡ್ಡ ಕೊಂಬಿನ ಗೂಬೆ ಸಿಗುತ್ತದೆ. ಹೊಳೆದಂಡೆಯ ದಟ್ಟ ಮರಗಳಲ್ಲಿ ಮೀನುಗೂಬೆಯನ್ನು ಹುಡುಕಬಹುದು. ಅದರ ಕಾಲುಗಳಲ್ಲಿ ಗರಿಯಿಲ್ಲ. ಮೀನು, ಏಡಿ, ಕಪ್ಪೆಗಳನ್ನು ನೀರಿನಿಂದ ಎತ್ತುವ ಹಕ್ಕಿಗೆ ನೆನೆಯುವ ಗರಿ ಉಪಯೋಗಕ್ಕೆ ಬರುವುದಿಲ್ಲ. ಕಬಿನಿಯ ಹಿನ್ನೀರಿನ ಆಸುಪಾಸಿನಲ್ಲಿ ಪ್ರವಾಸಿಗರಿಗೆ ಹಗಲಿನಲ್ಲಿಯೇ ಕಾಣಸಿಗುವ ದೊಡ್ಡ ಗೂಬೆ ಸಾಮಾನ್ಯವಾಗಿ ಇದೇ.

ಎರಡನೆಯ ಹೆಜ್ಜೆ: ಒಂದು ವಾರ ಕೇವಲ ಕೇಳಿಸಿಕೊಳ್ಳಿ

ಹೊಸಬರು ಸಾಮಾನ್ಯವಾಗಿ ಟಾರ್ಚು ಹಿಡಿದು ಹೊರಡುತ್ತಾರೆ. ಅದನ್ನು ಮನೆಯಲ್ಲಿಯೇ ಬಿಟ್ಟು, ಒಂದು ವಾರ ಮುಸ್ಸಂಜೆಯ ಹೊತ್ತು ಅರ್ಧ ಗಂಟೆ ಮತ್ತು ಬೆಳಗಿನ ಜಾವ ಅರ್ಧ ಗಂಟೆ ತಾರಸಿಯ ಮೇಲೋ ಹಿತ್ತಿಲಲ್ಲೋ ಕುಳಿತು ಕಿವಿಗೊಡಬೇಕೆಂಬುದು ನನ್ನ ಸಲಹೆ. ಗೂಬೆ ಕಣ್ಣಿಗೆ ಬೀಳುವುದಕ್ಕಿಂತ ಬಹಳ ಮೊದಲೇ ಕಿವಿಗೆ ಬೀಳುತ್ತದೆ.

ಹಾಲಕ್ಕಿಯದು ‘ಚಿರ್‌ರ್‌, ಚಿರ್‌ರ್‌, ಚೀವಕ್ ಚೀವಕ್’ ಎಂದು ಗಂಡು ಹೆಣ್ಣು ಒಟ್ಟಿಗೆ ಜಗಳವಾಡಿದಂತೆ ಕೇಳಿಸುವ ಕರ್ಕಶ ಕಲರವ. ಕಣಜಗೂಬೆ ‘ಗೂ’ ಎನ್ನುವುದೇ ಇಲ್ಲ. ಹಾರುತ್ತಲೇ ಬಟ್ಟೆ ಹರಿದಂತೆ ಉದ್ದನೆಯ ಕಿರುಚು ಹಾಕುತ್ತದೆ, ಗೂಡಿನಲ್ಲಿ ಅದರ ಮರಿಗಳು ಬುಸುಗುಡುತ್ತವೆ. ಹಾವು ಸೇರಿಕೊಂಡಿದೆಯೆಂದು ಹೆದರಿ ಅಟ್ಟದ ಬಾಗಿಲು ಮುಚ್ಚಿದ ಮನೆಗಳಲ್ಲಿ ಎಷ್ಟೋ ಸಲ ಒಳಗಿರುವುದು ಈ ಮರಿಗಳೇ. ಬಂಡೆಯ ಮೇಲಿನಿಂದ ‘ಬೂ...ಬೋ’ ಎಂದು ಎರಡು ಸ್ವರದಲ್ಲಿ, ಜೋರಲ್ಲದಿದ್ದರೂ ಬಹುದೂರ ಸಾಗುವ ಗಂಭೀರ ದನಿ ಕೊಂಬಿನ ಗೂಬೆಯದು. ಮಕ್ಕಳಿಗೆ ಗುಮ್ಮ ಬರುತ್ತಾನೆಂದು ಹೇಳುತ್ತಿದ್ದ ನಮ್ಮ ಅಜ್ಜಿಯ ಕಿವಿಯಲ್ಲಿ ಇದೇ ದನಿಯಿತ್ತೆಂದು ಅದನ್ನು ಮೊದಲ ಸಲ ಕೇಳಿದ ರಾತ್ರಿ ನನಗೆ ಅನ್ನಿಸಿತ್ತು. ಮಲೆನಾಡಿನವರು ಅಡಿಕೆ ತೋಟದಂಚಿನಿಂದ ‘ಊಕ್, ಊಕ್’ ಎಂದು ನಿಯಮಿತವಾಗಿ ಮರುಕಳಿಸುವ, ಪ್ರತಿ ಸಲವೂ ಕೊನೆಯಲ್ಲಿ ಮೇಲೇರುವ ಕೂಗನ್ನು ಕೇಳಿರುತ್ತಾರೆ. ಅದು ಗಿಡುಗದಂತೆ ಕಾಣುವ, ಕೊಂಬಿಲ್ಲದ ಕಂದುಗೂಬೆ. ಹಳೆಯ ಮಾವಿನ ತೋಪುಗಳಲ್ಲಿ ನಡುಗುತ್ತ ನಗುವಂತೆ ‘ಚುಹೂಆಆ’ ಎಂದು ಕೂಗಿ ಊರನ್ನೇ ಹೆದರಿಸುವ ಇನ್ನೊಂದು ದೊಡ್ಡ ಗೂಬೆಯೂ ಇದೆ. ಅದರ ಮುಖದ ಮೇಲೆ ಮರದ ಅಡ್ಡಕೊಯ್ತದಲ್ಲಿ ಕಾಣುವಂತಹ ಸುತ್ತುಗೆರೆಗಳಿರುತ್ತವೆ.

ದನಿ ಯಾವ ದಿಕ್ಕಿನಿಂದ, ಎಷ್ಟು ಗಂಟೆಗೆ ಬಂತೆಂದು ಪ್ರತಿದಿನ ಬರೆದಿಡಿ. ವಾರದ ಕೊನೆಗೆ ಒಂದು ಮರವೋ ಒಂದು ಕಟ್ಟಡವೋ ತಾನಾಗಿಯೇ ಗುರುತಾಗುತ್ತದೆ.

ಮೂರನೆಯ ಹೆಜ್ಜೆ: ಹಗಲಿನಲ್ಲಿ ಕುರುಹು ಹುಡುಕಿ

ಗುರುತಾದ ಜಾಗಕ್ಕೆ ಹಗಲಿನಲ್ಲಿ ಹೋಗಿ ಮೊದಲು ನೆಲವನ್ನು ನೋಡಬೇಕು. ಒಂದೇ ಕೊಂಬೆಯ ಕೆಳಗೆ ಸುಣ್ಣ ಚೆಲ್ಲಿದಂತೆ ಬಿಳಿಯ ಹಿಕ್ಕೆಯಿದ್ದರೆ ಆ ಕೊಂಬೆಯ ಮೇಲೆ ಯಾವುದೋ ಹಕ್ಕಿ ದಿನವೂ ಕೂರುತ್ತಿದೆಯೆಂದು ಅರ್ಥ. ಅದು ಗೂಬೆಯೇ ಎಂದು ಖಚಿತಪಡಿಸುವುದು ಅದರ ಬಳಿ ಬಿದ್ದಿರುವ ಬೂದು ಬಣ್ಣದ ಉಂಡೆಗಳು. ಗೂಬೆ ಇಲಿಯನ್ನು ಸಾಧ್ಯವಾದರೆ ಇಡಿಯಾಗಿಯೇ ನುಂಗುತ್ತದೆ. ಕರಗದ ಕೂದಲು, ಮೂಳೆ, ಹಲ್ಲುಗಳನ್ನು ಹೊಟ್ಟೆಯಲ್ಲಿಯೇ ಉಂಡೆಕಟ್ಟಿ ಬಾಯಿಂದ ಹೊರಹಾಕುತ್ತದೆ. ಒಣಗಿದ ಉಂಡೆಯೊಂದನ್ನು ಕೈಗವಸು ಧರಿಸಿ ತಂದು, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿ ನೋಡಿದರೆ ಇಲಿಯ ಬುರುಡೆ, ಸೊಂಡಿಲಿಯ ದವಡೆ, ಕೆಲವೊಮ್ಮೆ ದುಂಬಿಯ ಹೊಳೆಯುವ ರೆಕ್ಕೆಕವಚ ಸಿಗುತ್ತವೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸದಲ್ಲಿ ಅವರನ್ನು ತಪ್ಪದೆ ಸೇರಿಸಿಕೊಳ್ಳಿ. ಗೂಬೆ ರೈತನಿಗೆ ಏನು ಮಾಡಿಕೊಡುತ್ತಿದೆ ಎಂಬುದನ್ನು ಅವರು ಅಲ್ಲಿಯೇ ಎಣಿಸಿ ತಿಳಿಯುತ್ತಾರೆ. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಇನ್ನೊಂದು ಕುರುಹು ಉಳಿದ ಹಕ್ಕಿಗಳ ಗದ್ದಲ. ಕಾಗೆ, ಕಾಜಾಣ, ಪಿಕಳಾರ, ಗೊರವಂಕಗಳು ಒಂದೇ ಪೊದೆಯತ್ತ ಮುಖಮಾಡಿ ಬಿಡದೆ ಕಿರುಚುತ್ತಿದ್ದರೆ, ಅಳಿಲೂ ಬಾಲ ಕುಣಿಸುತ್ತ ಅದಕ್ಕೆ ದನಿಗೂಡಿಸಿದ್ದರೆ, ಅಲ್ಲಿ ಹಾವು, ಬೆಕ್ಕು ಅಥವಾ ಗೂಬೆಯಿರಬೇಕು. ಕಾಂಡಕ್ಕೆ ಒತ್ತಿಕೊಂಡು, ಗರಿಗಳನ್ನು ಬಿಗಿಹಿಡಿದು, ಮುರಿದ ಕೊಂಬೆಯ ತುಂಡಿನಂತೆ ನೆಟ್ಟಗೆ ನಿಂತಿರುವ ಆಕಾರಕ್ಕಾಗಿ ಕಣ್ಣಾಡಿಸಿ. ಆದರೆ ಹತ್ತಿರ ಹೋಗಬೇಡಿ. ಕಾಗೆಗಳ ಕಾಟ ಅನುಭವಿಸುತ್ತಿರುವ ಗೂಬೆಯನ್ನು ನಾವೂ ಒಂದು ಕಡೆಯಿಂದ ಅಟ್ಟಿದರೆ ಅದು ಬಯಲಿಗೆ ಹಾರುತ್ತದೆ, ಬಯಲಲ್ಲಿ ಅದಕ್ಕೆ ರಕ್ಷಣೆಯಿಲ್ಲ.

ನಾಲ್ಕನೆಯ ಹೆಜ್ಜೆ: ಕುಳಿತುಕೊಳ್ಳುವುದು

ಈ ಅಭ್ಯಾಸದ ತಿರುಳಿರುವುದು ಇಲ್ಲಿಯೇ. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲೇ ಮರದಿಂದ ಕನಿಷ್ಠ 20 ಮೀಟರ್ ದೂರದಲ್ಲಿ, ಬೆನ್ನಿಗೆ ಒಂದು ಗೋಡೆಯೋ ಪೊದೆಯೋ ಇರುವಂತೆ ಕುಳಿತುಕೊಳ್ಳಬೇಕು. ಬಯಲಿನ ನಡುವೆ ನಿಂತ ಮನುಷ್ಯನ ಆಕಾರವನ್ನು ಗೂಬೆ ಮರೆಯುವುದಿಲ್ಲ. ಹಿನ್ನೆಲೆಯಲ್ಲಿ ಕರಗಿ ಕುಳಿತವನನ್ನು ಸ್ವಲ್ಪ ಹೊತ್ತಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಮಾಸಲು ಬಣ್ಣದ ಹತ್ತಿಬಟ್ಟೆ ಧರಿಸಿ. ಸರಸರ ಸದ್ದು ಮಾಡುವ ಜಾಕೆಟ್ಟು, ಪ್ಲಾಸ್ಟಿಕ್ ಚೀಲ, ಚಿಪ್ಸ್ ಪೊಟ್ಟಣ ಬೇಡ.

ಸದ್ದಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟೇಕೆ ಎಂಬುದಕ್ಕೆ ಕಾರಣವಿದೆ. ಕಣಜಗೂಬೆಯ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ, ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಸದ್ದು ಎರಡು ಕಿವಿಗಳನ್ನು ತಲುಪುವ ಕಾಲದಲ್ಲಿರುವ ಅತಿಸೂಕ್ಷ್ಮ ವ್ಯತ್ಯಾಸದಿಂದ ಅದು ಎಡಬಲವನ್ನೂ, ಸದ್ದಿನ ಜೋರಿನ ವ್ಯತ್ಯಾಸದಿಂದ ಮೇಲುಕೆಳಗನ್ನೂ ಅಳೆಯುತ್ತದೆ. ಆದ್ದರಿಂದಲೇ ಪೂರ್ಣ ಕತ್ತಲಿನಲ್ಲಿಯೂ ಎಲೆಯಡಿಯ ಇಲಿಯನ್ನು ಹಿಡಿಯಬಲ್ಲದು. ಈ ಲೆಕ್ಕಾಚಾರಕ್ಕಾಗಿ ಅದರ ಮಿದುಳಿನಲ್ಲಿ ಸದ್ದಿನದೇ ಒಂದು ನಕ್ಷೆಯಿದೆಯೆಂದು ಎರಿಕ್ ನಡ್‌ಸನ್ ಮತ್ತು ಮಸಕಾಜು ಕೊನಿಶಿ ಎಂಬ ವಿಜ್ಞಾನಿಗಳು 1978ರಲ್ಲಿ ತೋರಿಸಿಕೊಟ್ಟರು. ಒಣಹುಲ್ಲಿನಲ್ಲಿ ಇಲಿ ಕಾಲಿಡುವ ಸದ್ದನ್ನು ಹುಡುಕುತ್ತಿರುವ ಹಕ್ಕಿಯ ಪಕ್ಕದಲ್ಲಿ ನಾವು ಪಿಸುಗುಟ್ಟಿದರೂ ಅದರ ಅಂದಿನ ಊಟಕ್ಕೆ ಅಡ್ಡಿಯಾಗುತ್ತೇವೆ.

ಬೆಳಕು ಬೂದಾಗುವ ಹೊತ್ತಿಗೆ ಹಾಲಕ್ಕಿ ಪೊಟರೆಯ ಬಾಯಿಗೆ ಬಂದು, ರೆಕ್ಕೆಯನ್ನೂ ಕಾಲನ್ನೂ ಒಂದೊಂದಾಗಿ ಚಾಚಿ ಮೈಮುರಿದು, ಸಂಗಾತಿಯ ಕತ್ತಿನ ಗರಿಗಳನ್ನು ಕೊಕ್ಕಿನಿಂದ ತೀಡಿ, ಆಮೇಲೆ ತಂತಿಯ ಮೇಲೋ ಬೇಲಿಕಂಬದ ಮೇಲೋ ಹೋಗಿ ಕೂರುತ್ತದೆ. ಬೀದಿದೀಪದ ಕೆಳಗೆ ದುಂಬಿ, ಮಿಡತೆ, ಹಲ್ಲಿ ಹಿಡಿಯುವುದನ್ನು ಪಟ್ಟಣದವರೂ ನೋಡಬಹುದು. ಅದು ನಿಮ್ಮತ್ತ ದಿಟ್ಟಿಸಿ ತಲೆ ಕುಣಿಸತೊಡಗಿದರೆ ನೀವು ಹತ್ತಿರವಾದಿರಿ ಎಂದು ತಿಳಿಯಿರಿ. ಗೂಬೆಯ ಕಣ್ಣುಗುಡ್ಡೆಗಳು ಕಣ್ಣಿನ ಕುಳಿಯೊಳಗೆ ತಿರುಗುವುದಿಲ್ಲ, ಆದ್ದರಿಂದ ಅದು ತಲೆಯನ್ನೇ ಆಡಿಸಿ ದೂರವನ್ನು ಅಂದಾಜು ಮಾಡುತ್ತದೆ. ಆಗ ಎದ್ದು ಓಡದೆ, ಮುಖವನ್ನು ಬೇರೆಡೆಗೆ ತಿರುಗಿಸಿ, ಅದು ಮತ್ತೆ ತನ್ನ ಕೆಲಸಕ್ಕೆ ತೊಡಗಿದ ಮೇಲೆ ನಿಧಾನವಾಗಿ ಹಿಂದೆ ಸರಿಯಬೇಕು.

ಕಣಜಗೂಬೆಯ ಮೊದಲ ಭೇಟಿಯಲ್ಲಿ ನಾನು ಒಂದು ಹಳೆಯ ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕುಳಿತಿದ್ದೆ. ತಲೆಯ ಮೇಲೆ ಒಂದು ಮಾರಿನ ಎತ್ತರದಲ್ಲಿ ಅದು ಹಾದುಹೋಯಿತು. ನೆರಳು ಕಂಡಿತು, ಗಾಳಿಯ ಸದ್ದೂ ಕೇಳಿಸಲಿಲ್ಲ. ಅದರ ರೆಕ್ಕೆಯ ಮುಂಚೂಣಿಯ ಗರಿಗೆ ಬಾಚಣಿಗೆಯಂತಹ ಅಂಚೂ ಮೇಲ್ಮೈಗೆ ಮಖಮಲ್ಲಿನಂತಹ ನುಣುಪೂ ಇರುವುದರಿಂದ ಗಾಳಿ ಸದ್ದಿಲ್ಲದೆ ಒಡೆದು ಹರಿಯುತ್ತದೆಂದು ಓದಿ ತಿಳಿದಿದ್ದೆ. ಆದರೂ ಓದಿದ್ದು ಆ ಕ್ಷಣಕ್ಕೆ ನನ್ನನ್ನು ಸಿದ್ಧಗೊಳಿಸಿರಲಿಲ್ಲ.

ಐದನೆಯ ಹೆಜ್ಜೆ: ಬೆಳಕು, ಕ್ಯಾಮೆರಾ, ಮೊಬೈಲಿನ ಕೂಗು

ದಾರಿ ನೋಡಿಕೊಳ್ಳಲು ಟಾರ್ಚು ಬೇಕೇ ಬೇಕು, ಹಾವುಗಳಿರುವ ನೆಲದಲ್ಲಿ ಅದಿಲ್ಲದೆ ನಡೆಯಬಾರದು. ಅದರ ಗಾಜಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿ, ಬೆಳಕು ನಿಮ್ಮ ಪಾದಗಳ ಮೇಲೆಯೇ ಇರಲಿ. ಹಕ್ಕಿಯ ಕಣ್ಣಿಗೆ ನೇರವಾಗಿ ಬೆಳಕು ಹಾಯಿಸುವುದಾಗಲಿ ಫ್ಲ್ಯಾಶ್ ಹೊಡೆಯುವುದಾಗಲಿ ಕೂಡದು. ಮಂದಬೆಳಕಿಗಾಗಿ ರೂಪುಗೊಂಡ ಕಣ್ಣು ಮಂಕಾದರೆ ಅದು ಕೊಂಬೆಗೋ ತಂತಿಗೋ ಬಡಿದುಕೊಳ್ಳಬಹುದು. ಚಿತ್ರ ಬೇಕೆನ್ನುವವರು ಸಂಜೆಯ ಉಳಿದ ಬೆಳಕಿನಲ್ಲಿ ಸಿಕ್ಕಷ್ಟಕ್ಕೆ ತೃಪ್ತರಾಗಬೇಕು.

ಮೊಬೈಲಿನಲ್ಲಿ ಗೂಬೆಯ ಧ್ವನಿಮುದ್ರಣ ಹಾಕಿ ಕರೆಯುವ ಪದ್ಧತಿಯ ಬಗ್ಗೆ ನನ್ನ ಅನುಭವವನ್ನೇ ಹೇಳಬೇಕು. ಆರಂಭದ ವರ್ಷಗಳಲ್ಲಿ ನಾನೂ ಹಾಗೆ ಮಾಡಿದೆ. ಫೆಬ್ರವರಿಯ ಒಂದು ಸಂಜೆ ಹುಣಸೆಮರದ ಗಂಡುಹಾಲಕ್ಕಿ ನನ್ನ ಮೊಬೈಲಿನ ದನಿಯನ್ನು ತನ್ನ ಸೀಮೆಗೆ ನುಗ್ಗಿದ ಬೇರೊಂದು ಗಂಡಿನದೆಂದು ತಿಳಿದು, ಮುಕ್ಕಾಲು ಗಂಟೆ ನನ್ನ ಸುತ್ತಲಿನ ಕೊಂಬೆಗಳಲ್ಲಿ ಕೂಗುತ್ತ ತಿರುಗಿತು. ಅದು ಬೇಟೆಯಾಡಬೇಕಾದ ಹೊತ್ತು. ಪೊಟರೆಯೊಳಗೆ ಕಾವಿಗೆ ಕುಳಿತಿದ್ದ ಹೆಣ್ಣು ಅಂದು ಗಂಡು ತರುವ ಆಹಾರಕ್ಕಾಗಿ ಕಾದೇ ಇತ್ತೆಂದು ಆಮೇಲೆ ಅರ್ಥವಾದಾಗ ನನಗಾದ ನೋವು ಇನ್ನೂ ಹಾಗೆಯೇ ಇದೆ. ದಯವಿಟ್ಟು ಮುದ್ರಿತ ಕೂಗನ್ನು ಮನೆಯಲ್ಲಿ ಕಲಿಯುವುದಕ್ಕೆ ಮಾತ್ರ ಬಳಸಿ.

ಆರನೆಯ ಹೆಜ್ಜೆ: ಗೂಡಿನ ಕಾಲದಲ್ಲಿ ದೂರವಿರಿ

ಹಾಲಕ್ಕಿ ನಮ್ಮಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ ಮರಿಮಾಡುತ್ತದೆ. ಕೊಂಬಿನ ಗೂಬೆ ಗೂಡು ಕಟ್ಟದೆ ಬಂಡೆಯ ಸಂದಿನ ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಬಯಲಾಗುತ್ತದೆ. ಬಂಡೆ ಹತ್ತುವ ಹವ್ಯಾಸವಿರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಪೊಟರೆಯೊಳಗೆ ಕೈಯಾಗಲಿ ಕೋಲಾಗಲಿ ಮೊಬೈಲಾಗಲಿ ಹಾಕಬಾರದು. ದೊಡ್ಡ ಗೂಬೆಗಳು ಮರಿಗಳಿರುವಾಗ ಮನುಷ್ಯರ ಮುಖದ ಮೇಲೂ ಎರಗಬಲ್ಲವು.

ಏಳನೆಯ ಹೆಜ್ಜೆ: ನೆಲದ ಮೇಲೆ ಗೂಬೆ ಸಿಕ್ಕಿದಾಗ

ಮೊದಲು ಅದು ಮರಿಯೋ ಗಾಯಗೊಂಡ ಹಕ್ಕಿಯೋ ನೋಡಬೇಕು. ಗೂಬೆಮರಿಗಳು ಹಾರಲು ಕಲಿಯುವುದಕ್ಕೆ ಮೊದಲೇ ಗೂಡಿನಿಂದ ಹೊರಬಂದು ಕೊಂಬೆಯಿಂದ ಕೊಂಬೆಗೆ ತೆವಳುವುದು ಸಹಜ, ನೆಲಕ್ಕೆ ಬೀಳುವುದೂ ಅಪರೂಪವಲ್ಲ. ಗಾಯವಿಲ್ಲದೆ, ನಯವಾದ ಗರಿ ಹೊತ್ತು, ಕೊಕ್ಕಿನಿಂದ ಟಕ್‌ಟಕ್ ಎನ್ನಿಸುತ್ತ ನಿಮ್ಮನ್ನು ಹೆದರಿಸಲು ನೋಡುತ್ತಿರುವ ಮರಿ ಅನಾಥವಲ್ಲ. ದಪ್ಪ ಟವೆಲ್ಲಿನಿಂದ ಮೃದುವಾಗಿ ಹಿಡಿದು, ನಾಯಿ ಬೆಕ್ಕುಗಳಿಗೆ ಎಟುಕದ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರ ಹೋಗಿ. ಕತ್ತಲಾದ ಮೇಲೆ ತಾಯಿತಂದೆ ಅದರ ಕೂಗನ್ನು ಕೇಳಿ ಬಂದು ಉಣಿಸುತ್ತವೆ. ಮನುಷ್ಯರು ಮುಟ್ಟಿದರೆ ಹಕ್ಕಿ ಮರಿಯನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ನಿಜವಲ್ಲ.

ರೆಕ್ಕೆ ಜೋತುಬಿದ್ದಿದ್ದರೆ, ರಕ್ತವಿದ್ದರೆ, ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡಿದ್ದರೆ ಅಥವಾ ಹಗಲಿನಲ್ಲಿ ಹತ್ತಿರ ಹೋದರೂ ಕಣ್ಣು ತೆರೆಯದಿದ್ದರೆ ನೆರವು ಬೇಕು. ಹಕ್ಕಿಯ ಮೇಲೆ ಟವೆಲ್ ಹೊದಿಸಿ, ಕಾಲುಗಳನ್ನು ಮೊದಲು ಭದ್ರವಾಗಿ ಹಿಡಿಯಬೇಕು, ಏಕೆಂದರೆ ಗೂಬೆಯ ಆಯುಧ ಕೊಕ್ಕಲ್ಲ, ಉಗುರು. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ, ಕತ್ತಲಾದ ನಿಶ್ಶಬ್ದವಾದ ಕೋಣೆಯಲ್ಲಿಡಿ. ಹಾಲು, ಅನ್ನ, ಬ್ರೆಡ್ಡು ಏನನ್ನೂ ಕೊಡಬೇಡಿ; ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯಬಹುದು. ಮಾಂಜಾ ದಾರವನ್ನು ಎಳೆಯದೆ, ಸುತ್ತಲಿನ ದಾರವನ್ನು ಕತ್ತರಿಸಿ, ಗಾಯಕ್ಕೆ ಅಂಟಿದ ಭಾಗವನ್ನು ವೈದ್ಯರಿಗೆ ಬಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ, ಅಥವಾ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ. ಮುದ್ದಿಗಾಗಿ ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಎಂಟನೆಯ ಹೆಜ್ಜೆ: ಮನೆಯ ಮೇಲೆ ಕುಳಿತ ಗೂಬೆ ಮತ್ತು ನೆರೆಹೊರೆ

ಗೂಬೆ ಮನೆಯ ಮೇಲೆ ಕುಳಿತರೆ ಆರು ತಿಂಗಳು ಮನೆ ಬಿಡಬೇಕು ಎಂಬ ನಂಬಿಕೆಯಿಂದಾಗಿ ಕಲ್ಲೇಟು ತಿಂದ ಗೂಬೆಗಳು ಅನೇಕ. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದಕ್ಕೆ ‘ಗೂಬೆ ಕೂರಿಸುವುದು’ ಎಂದು ನಮ್ಮ ಮಾತಿನಲ್ಲಿಯೇ ಇದೆ; ಮನೆಯ ಕಷ್ಟವನ್ನೆಲ್ಲ ಗೂಬೆಯ ತಲೆಗೆ ಕಟ್ಟಿದವರೂ ನಾವೇ. ಈ ವಿಷಯದಲ್ಲಿ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲವೆಂದು ನಾನು ಕಂಡುಕೊಂಡಿದ್ದೇನೆ. ನಮ್ಮ ಬೀದಿಯ ಹಿರಿಯರೊಬ್ಬರು, “ಏನಪ್ಪಾ, ದಿನಾ ಆ ದರಿದ್ರದ ಹಕ್ಕಿ ನೋಡೋಕೆ ಹೋಗ್ತೀಯಂತೆ?” ಎಂದು ಕೇಳಿದಾಗ ನಾನು, “ತಾತ, ಒಂದು ಸಲ ಬನ್ನಿ, ಅದು ಏನು ತಿಂದಿದೆ ಅಂತ ತೋರಿಸ್ತೀನಿ” ಎಂದು ಕರೆದೊಯ್ದು, ಉಂಡೆಯೊಂದನ್ನು ಬಿಡಿಸಿ ಅದರೊಳಗಿನ ಮೂರು ಇಲಿಬುರುಡೆಗಳನ್ನು ಅವರ ಅಂಗೈಯಲ್ಲಿಟ್ಟೆ. ರಾಗಿಯ ಕಣ ಮಾಡಿ ಬದುಕಿದ ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಅದೇ ಬೀದಿಯಲ್ಲಿ ಇಲಿ ಪಾಷಾಣದ ಬಗ್ಗೆಯೂ ಮಾತನಾಡಬೇಕು. ಪಾಷಾಣ ತಿಂದ ಇಲಿ ಕೂಡಲೇ ಸಾಯದೆ ತೂರಾಡುತ್ತ ಬಯಲಿಗೆ ಬರುತ್ತದೆ, ಗೂಬೆಗೆ ಅದು ಸುಲಭದ ಬೇಟೆ, ಹೀಗೆ ವಿಷ ಗೂಬೆಯ ಮೈಗೂ ಸೇರುತ್ತದೆ. ಬೋನು ಇಡಿ, ಕಾಳಿನ ಡಬ್ಬಿಗಳನ್ನು ಭದ್ರಪಡಿಸಿ. ಹೊಲದಲ್ಲಿ ಗೂಬೆ ಕೂರಲು ಎರಡಾಳೆತ್ತರದ ಕಂಬಗಳಿಗೆ ಅಡ್ಡಪಟ್ಟಿ ಬಡಿದು ಅಲ್ಲಲ್ಲಿ ನೆಟ್ಟರೆ ಅದು ರಾತ್ರಿಯ ಕಾವಲಿಗೆ ತಾನಾಗಿಯೇ ಬರುತ್ತದೆ.

ಒಂಬತ್ತನೆಯ ಹೆಜ್ಜೆ: ಬರೆದಿಡುವುದು, ಮತ್ತು ಹೇಳದಿರುವುದು

ದಿನಾಂಕ, ಹೊತ್ತು, ಹವೆ, ಮರ, ಹಕ್ಕಿ ಏನು ಮಾಡುತ್ತಿತ್ತು ಎಂಬುದನ್ನು ಪ್ರತಿ ಭೇಟಿಯ ಅನಂತರ ಬರೆಯಿರಿ. ಎರಡು ವರ್ಷದ ಟಿಪ್ಪಣಿಯಿದ್ದರೆ ಯಾವ ತಿಂಗಳಲ್ಲಿ ಕೂಗು ಹೆಚ್ಚುತ್ತದೆ, ಮರಿಗಳು ಯಾವಾಗ ಹೊರಬರುತ್ತವೆ ಎಂಬುದು ನಿಮಗೇ ಗೊತ್ತಾಗುತ್ತದೆ. ಹಕ್ಕಿಗಳನ್ನು ಕಂಡ ವಿವರ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸುವವರು ಗೂಡಿನ ನಿಖರ ಸ್ಥಳವನ್ನು ಕೊಡದೆ ಊರಿನ ಹೆಸರಿಗೆ ನಿಲ್ಲಿಸಬೇಕು.

ಇದು ಅತಿಯಾದ ಎಚ್ಚರಿಕೆಯಲ್ಲ. ಭಾರತದ ಗೂಬೆ ಮಾರಾಟದ ಬಗ್ಗೆ, ವನ್ಯಜೀವಿಗಳ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ವರದಿ ಪ್ರಕಟಿಸಿ, ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ ಜಾಲವನ್ನೂ, ದೀಪಾವಳಿಯ ಸುತ್ತಮುತ್ತ ಬಲಿಗಾಗಿ ಬೇಡಿಕೆ ಏರುವುದನ್ನೂ ವಿವರಿಸಿತು. ಲಕ್ಷ್ಮಿಯ ವಾಹನವೆಂದು ಪೂಜೆಗೊಳ್ಳುವ ಹಕ್ಕಿಯನ್ನು ಲಕ್ಷ್ಮಿಪೂಜೆಯ ದಿನಗಳಲ್ಲಿಯೇ ಕೊಲ್ಲುತ್ತಾರೆ. ಆದ್ದರಿಂದ ದಸರೆ ಕಳೆದ ಮೇಲೆ ನಾನು ಹುಣಸೆಮರದ ಚಿತ್ರಗಳನ್ನು ಯಾರಿಗೂ ಕಳುಹಿಸುವುದಿಲ್ಲ. ಯಾರಾದರೂ ಅಪರಿಚಿತರು ಗೂಬೆ ಎಲ್ಲಿದೆಯೆಂದು ವಿಚಾರಿಸುತ್ತ ಬಂದರೆ, ಅವರ ವಾಹನದ ಸಂಖ್ಯೆಯನ್ನು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸುವಂತೆ ಬಸ್‌ನಿಲ್ದಾಣದ ಚಹಾ ಅಂಗಡಿಯವರಿಗೂ ಹೇಳಿಟ್ಟಿದ್ದೇನೆ.